ಮಧ್ಯಾಹ್ನದ ಸರದಿ

ಜಿಂಕೆ ಬೇಟೆ ಶುರುವಾಗುವ ದಿನ ಪೆನ್ಸಿಲ್ವೇನಿಯಾದ ಆ ಗುಡ್ಡಗಾಡಿನಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ. ಎಪ್ಪತ್ತೆರಡು ವರ್ಷದ ಡೆಲ್ಮಾರ್ ಕ್ಲಿಂಗ್ ಅಂದು ಬೆಳಕು ಹರಿಯುವ ಮೊದಲೇ ಸರ್ಕಾರಿ ಕಾಡಿನ ಹಳೇ ಹೆಮ್‌ಲಾಕ್ ಮರಕ್ಕೆ ಅಟ್ಟಣೆ ಬಿಗಿದು ಹತ್ತಿ ಕೂರುತ್ತಿದ್ದ. ಮಧ್ಯಾಹ್ನಕ್ಕೆ ಸರಿಯಾಗಿ ಇಳಿದುಬಿಡುತ್ತಿದ್ದ. ಇಳಿದವನು ಮನೆಗೂ ಹೋಗುತ್ತಿರಲಿಲ್ಲ. ಬುಡದಲ್ಲೇ ಕೂತು, ಬೊಲೋನಾ ಮಾಂಸದ ಚೂರು ಅಗಿಯುತ್ತ, ಸಂಜೆಯವರೆಗೆ ಖಾಲಿ ಅಟ್ಟಣೆ ಕಾಯುತ್ತಿದ್ದ. ಹನ್ನೊಂದು ವರ್ಷದಿಂದ ಇದೇ ಕತೆ.

ಮಧ್ಯಾಹ್ನದ ಸರದಿ ಗೇಲನ್‌ನದು. ಬೇಟೆಯ ಲೈಸೆನ್ಸ್ ಕೈಗೆ ಬಂದ ವರ್ಷದಿಂದ ಇಬ್ಬರು ಗೆಳೆಯರೂ ಆ ಮರವನ್ನು ಹಾಗೆ ಹಂಚಿಕೊಂಡಿದ್ದರು.

ಕೆಟ್ಟಿದ್ದು ಒಂದು ಅಂಗಿಯಿಂದ. ಗುರಿ ತಪ್ಪಿದವನ ಅಂಗಿಯ ಹಿಂಬದಿಯ ತುದಿ ಕತ್ತರಿಸಿ, ಹೆಸರು ತಾರೀಕು ಬರೆದು ಬೇಟೆಗಾರರ ಬಿಡಾರದ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿನ ರೂಢಿ. ಡೆಲ್ಮಾರನದೇ ನಾಲ್ಕು ತುಂಡು ಗೋಡೆ ಮೇಲಿದ್ದವು. ಹನ್ನೊಂದು ವರ್ಷದ ಹಿಂದೆ ಗೇಲನ್ ಕಣ್ಣೆದುರಿನ ಗಂಡು ಜಿಂಕೆಗೇ ಗುರಿ ತಪ್ಪಿದ. ಡೆಲ್ಮಾರ್ ಹಿಂದಿನಿಂದ ಬಂದು ಅಂಗಿಯ ತುದಿಗೆ ಚಾಕು ಎಳೆದೇಬಿಟ್ಟ. ಬಿಡಾರವೆಲ್ಲ ಹೋ ಎಂದು ನಕ್ಕಿತು. ಗೇಲನ್ ಮಾತ್ರ ನಗಲಿಲ್ಲ. ತುಂಡನ್ನು ಕಿತ್ತುಕೊಂಡು, ಬಂದೂಕು ಎತ್ತಿಕೊಂಡು, ಗಾಡಿ ಹತ್ತಿ ಹೊರಟೇಹೋದ.

ಅದೇ ವರ್ಷದ ವಸಂತದಲ್ಲಿ ತೀರಿಕೊಂಡಿದ್ದ ಗೇಲನ್‌ನ ಹೆಂಡತಿ ಆರ್ಡಿತ್ ಆಸ್ಪತ್ರೆಯ ಮಂಚದ ಮೇಲೆ ಕೂತು ಹೊಲಿದ ಅಂಗಿ ಅದು. ವಾರ ಕಳೆದ ಮೇಲೆ ಯಾರೋ ಡೆಲ್ಮಾರನಿಗೆ ಹೇಳಿದರು. ಮಾರನೇ ದಿನವೇ ಹೋಗಿ ತಪ್ಪಾಯ್ತು ಅನ್ನಬಹುದಿತ್ತು. ಇವತ್ತು ಬೇಡ, ನಾಳೆ, ಹಬ್ಬ ಕಳೀಲಿ ಎಂದು ಮುಂದೂಡಿದ, ಮಹಾ ಬುದ್ಧಿವಂತ! ಆಡಿದ ಮಾತು ಹಿಂದಕ್ಕೆ ಬರದು ಅನ್ನುತ್ತಾರೆ. ಆಡದ ಮಾತು ಎಲ್ಲಿಗೂ ಹೋಗದೆ ಗಂಟಲಲ್ಲೇ ಕೂರುತ್ತದೆ. ಅಟ್ಟಣೆ ಖಾಲಿ ಬಿಟ್ಟರೆ ಒಂದಲ್ಲ ಒಂದು ಮಧ್ಯಾಹ್ನ ಅವನೇ ಬಂದಾನು, ಆಗ ಹೇಳಿದರಾಯ್ತು ಎಂದುಕೊಂಡ.

ಈ ವರ್ಷ ಡಾಕ್ಟರು ಮರ ಹತ್ತುವುದು ಇದೇ ಕೊನೆ ಎಂದಿದ್ದರು. ಮುಂದಿನ ವರ್ಷ ಕಾಯಲು ಅಟ್ಟಣೆಯೂ ಇರುವುದಿಲ್ಲ. ಮಧ್ಯಾಹ್ನ ಇಳಿದು ಕೂತಾಗ ಅವನಿಗೆ ಸರದಿಗೆ ಬರುವಾಗಿನ ಗೇಲನ್‌ನ ಕೆಮ್ಮು ಕೇಳಬೇಕು ಅನ್ನಿಸಿತು, ಬರೀ ಆ ಕೆಮ್ಮು ಸಾಕು ಅನ್ನಿಸಿತು. ಬಂದವನು ಬೇರೆ ಊರಿನ ಒಬ್ಬ ಬೇಟೆಗಾರ.

"ಯಜಮಾನ್ರೇ, ಮೇಲೆ ಖಾಲಿ ಇದ್ಯಲ್ಲ, ನಾನು ಕೂತ್ಕೊಳ್ಲಾ?"

"ಜನ ಬರ್ತಾರೆ."

"ಯಾರು, ಡೆಲ್ಮಾರಾ?"

ಡೆಲ್ಮಾರ್ ಅಗಿಯುವುದನ್ನು ನಿಲ್ಲಿಸಿದ. "ಆ ಹೆಸರು ಯಾರಪ್ಪ ಹೇಳಿದ್ದು?"

"ಹಳ್ಳದಾಚೆ ಒಬ್ಬ ಗೇಲನ್ ಅಂತ ಇದಾನೆ. ಹೆಮ್‌ಲಾಕ್ ತಂಟೆಗೆ ಹೋದ್ರೆ ಕಾಲು ಮುರೀತೀನಿ, ಅದು ಡೆಲ್ಮಾರಂದು ಅಂದ. ವರ್ಷಾವರ್ಷ ಎಲ್ರಿಗೂ ಹಿಂಗೇ ಬೈತಾನಂತೆ. ಸರ್ಕಾರಿ ಕಾಡು, ನಿಮ್ಮಪ್ಪಂದಾ ಅಂದ್ರೆ, ಹೂಂ ನಮ್ಮಪ್ಪಂದೇ ಅಂತಾನೆ!"

"ಮರದ ಮೇಲಿದಾನಾ?"

"ಎಲ್ಲಿ ಮರ? ಕುರ್ಚಿ ಹಾಕ್ಕೊಂಡು ನೆಲದ ಮೇಲೆ. ಸೊಂಟ ಹೋಗಿ ಆರು ವರ್ಷ ಆಯ್ತಂತೆ."

ಆರು ವರ್ಷ. ಹತ್ತಲಾರದವನಿಗಾಗಿ ಆರು ವರ್ಷದಿಂದ ಅಟ್ಟಣೆ ಕಾದಿದ್ದ. ಡೆಲ್ಮಾರ್ ಎದ್ದ. "ಹತ್ತಪ್ಪ. ಬೀಳದ ಹಾಗೆ ಬೆಲ್ಟು ಬಿಗಿಯಾಗಿ ಕಟ್ಕೊ," ಎಂದು ಹಳ್ಳಕ್ಕಿಳಿದ.

ಆಚೆ ದಡದಲ್ಲಿ ಗೇಲನ್ ಬೆನ್ನು ತಿರುಗಿಸಿಯೇ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಇರೋ ಬರೋ ಜಿಂಕೆನೆಲ್ಲ ಓಡಿಸ್ದೆ. ಸಮಾಧಾನ ಆಯ್ತಾ?" ಎಂದ. ಹೆಜ್ಜೆಯಿಂದಲೇ ಗುರುತು ಹಿಡಿದಿದ್ದ.

"ಆವತ್ತು ನಂಗೆ ಗೊತ್ತಿರ್ಲಿಲ್ಲ ಕಣೋ. ಗೊತ್ತಾದ್ಮೇಲಾದ್ರೂ ಬರ್ಬೇಕಿತ್ತು. ತಪ್ಪಾಯ್ತು."

ಗೇಲನ್ ಕುರ್ಚಿಯಲ್ಲೇ ಇವನ ಕಡೆ ತಿರುಗಿದ.

"ಆರ್ಡಿತ್ ಇದ್ದಿದ್ರೆ ಕತ್ರಿ ಅವಳೇ ತಂದ್ಕೊಡ್ತಿದ್ಲು. ನಮ್ಮೆಲ್ರಿಗಿಂತ ಜೋರಾಗಿ ನಗ್ತಿದ್ಲು. ಆವತ್ತು ನೀವೆಲ್ಲ ನಗ್ತಿದ್ರಿ, ಅವಳ ನಗು ಒಂದೇ ಕೇಳಿಸ್ಲಿಲ್ಲ. ಅದಕ್ಕೆ ಎದ್ದು ಹೋದೆ ಕಣೋ, ಆಮೇಲೆ ವಾಪಸ್ ಬರೋಕೂ ಆಗ್ಲಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ."