ಬಸಿಲಿಯಾಳ ಮನೆಯ ಹೆಪ್ಪು

ಗೊನಾರಿಯಾ ಮಡಕೆಯ ಮುಚ್ಚಳ ತೆಗೆದಳು. ರೊಟ್ಟಿ ಹಿಟ್ಟು ಉಬ್ಬಿಸುವ ಹೆಪ್ಪಿನ ಮೇಲೆ ಕೆಂಪು ಬೂಷ್ಟು ಹಿಡಿದಿತ್ತು. ಶಾಲೆಯ ಮಕ್ಕಳ ಪರೀಕ್ಷೆಯ ಗಡಿಬಿಡಿಯಲ್ಲಿ ಅದಕ್ಕೆ ಹಿಟ್ಟು, ನೀರು ಉಣಿಸುವುದನ್ನೇ ಮರೆತಿದ್ದಳು. ಅಮ್ಮ ಸಾಯುವ ಮುಂಚೆ ಅವಳ ಕೈಗೆ ಒಪ್ಪಿಸಿ ಹೋಗಿದ್ದ ಹೆಪ್ಪು. ನಾಳೆ ತಂಗಿ ಲುಗಿಯಾಳ ಮದುವೆಯ ರೊಟ್ಟಿ ಸುಡಬೇಕು. ಅಂಗಡಿಯ ಯೀಸ್ಟ್ ಹಾಕಿದ ರೊಟ್ಟಿಯನ್ನು ಅವರ ಊರಿನಲ್ಲಿ ಮದುಮಗಳ ಮುಂದೆ ಇಡುವುದಿಲ್ಲ.

"ಬಸಿಲಿಯಾ ಹತ್ರ ಇದೆಯಲ್ಲ ಅಕ್ಕ," ಎಂದಳು ಲುಗಿಯಾ. "ನಮ್ಮಮ್ಮನೇ ಅವಳಿಗೆ ಕೊಟ್ಟಿದ್ದು. ಹೆಪ್ಪು ಕೇಳಿದ್ರೆ ಯಾರೂ ಇಲ್ಲ ಅನ್ನೋ ಹಾಗಿಲ್ಲ."

"ಬೇರೆ ಯಾರ ಹತ್ರಾನೂ ಇಲ್ವಾ?"

"ಎಲ್ಲಾ ಅಂಗಡಿ ರೊಟ್ಟಿ ತಿನ್ನೋರೇ. ಯಾಕೆ, ಅವಳೇನು ಕಚ್ತಾಳಾ?"

ಗೊನಾರಿಯಾ ಮಡಕೆಯ ಮುಚ್ಚಳ ಮುಚ್ಚಿದಳು.

ಸಾರ್ಡೀನಿಯಾದ ಆ ಬೆಟ್ಟದೂರಿನ ಶಾಲೆಯಲ್ಲಿ ಅವಳು ಲ್ಯಾಟಿನ್ ಕಲಿಸುತ್ತಿದ್ದಳು. ಹಿಂದೊಮ್ಮೆ ಪೇಟೆಯ ಇನ್‌ಸ್ಪೆಕ್ಟರು ತರಗತಿಗೆ ಬಂದು ಕೂತಿದ್ದ ದಿನ ‘ಮಾತ್ರೀಕ್ಸ್’ ಪಾಠ. ತಾಯಿ ಎಂಬ ಪದದಿಂದ ಹುಟ್ಟಿದ ಸ್ತ್ರೀಲಿಂಗ ನಾಮಪದ, ದ್ವಿತೀಯಾ ವಿಭಕ್ತಿಯಲ್ಲಿ ‘ಮಾತ್ರೀಕೆಂ’ ಆಗುತ್ತದೆ, ಇಟಲಿಯ ‘ಮಾತ್ರೀಚೆ’, ಸ್ಪೇನಿನ ‘ಮಾತ್ರೀಸ್’ ಎರಡೂ ಆ ರೂಪದ ಸಂತಾನವೇ ಎಂದು ವಿವರಿಸಿ, "ಇದೇ ಸಂತಾನದ ಇನ್ನೊಂದು ಪದ ಯಾರು ಹೇಳ್ತೀರಿ?" ಎಂದು ಕೇಳಿದ್ದಳು.

ತರಗತಿಯಲ್ಲಿ ಎಂದೂ ಬಾಯಿ ಬಿಡದ ಬಸಿಲಿಯಾ ಎದ್ದು "ಮದ್ರಿಗೆ" ಎಂದಳು. ಊರಿನ ಮಾತಿನಲ್ಲಿ ಮನೆಮನೆಯಲ್ಲೂ ಹೆಪ್ಪಿಗೆ ಅದೇ ಹೆಸರು.

ಇನ್‌ಸ್ಪೆಕ್ಟರ ತುಟಿಯಂಚು ಅಲುಗಿತು. ಗೊನಾರಿಯಾಳಿಗೆ ತನ್ನ ಊರಿನ ಮಾತಿನ ಬಗ್ಗೆಯೇ ನಾಚಿಕೆಯಾಯಿತು. "ಕೂತ್ಕೊಳಮ್ಮ, ಇದು ಅಡುಗೆಮನೆಯಲ್ಲ," ಎಂದುಬಿಟ್ಟಳು. ತರಗತಿಯೆಲ್ಲ ನಕ್ಕಿತು. ಉತ್ತರ ಸರಿಯೆಂದು ಗೊನಾರಿಯಾಳಿಗೆ ಗೊತ್ತಿತ್ತು. ಬಸಿಲಿಯಾ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಈಗ ಗೊನಾರಿಯಾ ಅವಳ ಮನೆಗೆ ಹೋದಾಗ ಬಸಿಲಿಯಾಳೇ ಬಾಗಿಲು ತೆರೆದಳು. ಮೊಣಕೈವರೆಗೂ ಹಿಟ್ಟು.

"ಓಹೋ, ಟೀಚರಮ್ಮ! ದಾರಿ ತಪ್ಪಿದ್ರಾ? ಇದು ಅಡುಗೆಮನೆ."

ಗೊನಾರಿಯಾಳ ಮುಖ ಬಿಸಿಯಾಯಿತು. "ನಮ್ಮ ಹೆಪ್ಪು ಸತ್ತೋಯ್ತು. ನಾನೇ ಸಾಯಿಸ್ದೆ."

ಬಸಿಲಿಯಾ ಒಳಗೆ ಹೋಗಿ, ತನ್ನ ಹೆಪ್ಪಿನಲ್ಲಿ ಅರ್ಧ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು.

"ಬಸಿಲಿಯಾ, ಆವತ್ತು ಕ್ಲಾಸಲ್ಲಿ ನಾನು..."

"ಹೆಪ್ಪು ಕೈಯಲ್ಲಿ ಹಿಡ್ಕೊಂಡು ಹಳೇದು ಎತ್ಬಾರ್ದು, ಹಿಟ್ಟು ಉಬ್ಬಲ್ಲ. ವಾಪಸ್ ಕೊಡೋಕೆ ಬರ್ತೀರಲ್ಲ, ಆಗ ಹೇಳಿ."

"ಕೇಳಿಸ್ಕೊಳ್ತೀಯಾ?"

"ಗೊತ್ತಿಲ್ಲ. ಮೊದಲು ಇದನ್ನ ಸಾಯಿಸ್ಬೇಡಿ."

ಮದುವೆಯ ರೊಟ್ಟಿ ಚೆನ್ನಾಗಿಯೇ ಉಬ್ಬಿತು. ನೆಂಟರೆಲ್ಲ ಅಮ್ಮನ ಕೈರುಚಿ ಎಂದು ಹೊಗಳಿದರು. ಗೊನಾರಿಯಾ ಮಾತ್ರ ಎದ್ದುಹೋಗಿ, ತೆಗೆದಿಟ್ಟಿದ್ದ ಹೆಪ್ಪಿಗೆ ಹಿಟ್ಟು, ನೀರು ಉಣಿಸಿದಳು.

ಮದುವೆ ಮುಗಿದ ಮೇಲೆ, ಪಡೆದದ್ದಕ್ಕಿಂತ ದೊಡ್ಡ ಹೆಪ್ಪಿನ ಉಂಡೆ ಹಿಡಿದು ಹೋಗಿ ಬಸಿಲಿಯಾಳ ಬಾಗಿಲ ಮುಂದೆ ನಿಂತಳು. ಒಳಗೆ ಲಟ್ಟಣಿಗೆ ಉರುಳುವ ಸದ್ದು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ. ಆದರೂ ಬಾಗಿಲು ತಟ್ಟಿದಳು.