ಹನ್ನೆರಡನೆಯ ಚೌಕ

ದೆವ್ವ, ಪವಾಡ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವನು ನಾನು. ಅದರಲ್ಲೂ ಫೋಟೊದಲ್ಲಿ ಏನೋ ಕಂಡಿತು ಎನ್ನುವವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ದಟ್ಟಗಳ್ಳಿಯ ನಮ್ಮ ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಕೆಂಪು ಬಲ್ಬು ಹಾಕಿ, ಕಪ್ಪು-ಬಿಳುಪು ಚಿತ್ರಗಳನ್ನು ಪ್ರಿಂಟ್ ಹಾಕುವುದು ನನ್ನ ಹಳೆಯ ಹುಚ್ಚು. ನೆಗೆಟಿವ್ ಪಟ್ಟಿಗಳನ್ನು ನೇರವಾಗಿ ಕಾಗದದ ಮೇಲೆ ಹಾಸಿ, ಮೇಲೊಂದು ಗಾಜಿಟ್ಟು, ಕೆಲವು ಕ್ಷಣ ಬೆಳಕು ಬಿಟ್ಟರೆ ಕಾಂಟ್ಯಾಕ್ಟ್ ಪ್ರಿಂಟ್ ಆಯಿತು. ನೆಗೆಟಿವ್‌ನಲ್ಲಿ ಇಲ್ಲದ್ದು ಕಾಗದಕ್ಕೆ ಬರುವುದಿಲ್ಲ. ಐದು ವರ್ಷದ ಹಿಂದಿನ ಒಂದು ಭಾನುವಾರದ ಮಧ್ಯಾಹ್ನದವರೆಗೆ ಈ ಮಾತನ್ನು ಆಣೆ ಮಾಡಿ ಹೇಳುತ್ತಿದ್ದೆ.

ಮೊದಲು ಕ್ಯಾಮೆರಾದ ವಿಷಯ ಹೇಳಬೇಕು. ಅಪ್ಪನ ಹತ್ತಿರ ಹಳೇ ಕಾಲದ ಒಂದು ಕ್ಯಾಮೆರಾ ಇತ್ತು. ಎದೆಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ, ಮೇಲಿನಿಂದ ಇಣುಕಿ ನೋಡಬೇಕಾದಂಥದ್ದು. ನಜರ್‌ಬಾದಿನ ಮನೆಯಲ್ಲಿ ಅವರು ತೀರಿಕೊಂಡ ವಾರವೇ ಅದು ಕಾಣೆಯಾಯಿತು. ಹೊರಗಿನವರು ಯಾರೂ ಅವರ ಕೋಣೆಗೆ ಕಾಲಿಟ್ಟಿರಲಿಲ್ಲ. ತಮ್ಮ ಮಹದೇವ ಆಗ ಕಡಕೊಳದ ಫ್ಯಾಕ್ಟರಿ ಕೆಲಸ ಬಿಟ್ಟು ಕೂತಿದ್ದ. ಇವನೇ ಮಾರಿಕೊಂಡಿದ್ದಾನೆ ಎಂದು ನೆಂಟರ ಮುಂದೆಯೇ ಅಂದುಬಿಟ್ಟೆ. ಅವನು ಇಲ್ಲ ಎಂದ, ಒಂದೇ ಸಲ. ಆಮೇಲೆ ನನ್ನ ಹೊಸಿಲು ತುಳಿಯಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅಪ್ಪನ ಟ್ರಂಕಿನಲ್ಲಿ, ಪಂಚೆಗಳ ಅಡಿಯಲ್ಲಿ, ಇನ್ನೂ ತೊಳೆಯದ ಒಂದು ರೀಲು ಸಿಕ್ಕಿತು. ತೊಳೆದು ನೋಡಿದರೆ ಹನ್ನೆರಡು ಚೌಕಗಳಲ್ಲಿ ಹನ್ನೊಂದರಲ್ಲಿ ಚಿತ್ರವಿತ್ತು. ಕೊನೆಯದು ಬರೀ ಗಾಜಿನಂತೆ ತಿಳಿಯಾಗಿತ್ತು. ಚೂರು ರೀಲನ್ನೂ ದಂಡ ಮಾಡದ ಅಪ್ಪ, ಒಂದನ್ನು ಉಳಿಸಿ ರೀಲು ಬಿಚ್ಚುವವರಲ್ಲ. ಯಾರೋ ಅವಸರದಲ್ಲಿ ಬಿಚ್ಚಿ ಇಟ್ಟಿದ್ದಾರೆ ಎನ್ನಿಸಿತು. ಅನುಮಾನ ಮತ್ತೆ ಮಹದೇವನ ಕಡೆಗೇ ಓಡಿತು.

ಪ್ರಿಂಟ್ ಹಾಕುವ ದಿನ ಅಮ್ಮ ಅವನನ್ನು ಕರೆಸಿದಳು. “ಅವ್ನೂ ನೋಡ್ಲಿ ಕಣಪ್ಪ. ಅವ್ನಿಗೂ ಅಪ್ಪನೇ ಅಲ್ವಾ,” ಎಂದಳು. ಅವನು ಬಂದ, ಬಚ್ಚಲಿನ ಗೋಡೆಗೆ ಒರಗಿ ನಿಂತ. ನೆಗೆಟಿವ್ ಮುಟ್ಟಲು ನಾನು ಬಿಡಲಿಲ್ಲ. ಕಾಗದದ ಹೊಸ ಪ್ಯಾಕೆಟ್ಟನ್ನೂ ನಾನೇ ಒಡೆದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನೀವೂ ನನ್ನಂತೆ ಮೊದಲು ಅವನ ಕೈಚಳಕವನ್ನೇ ಶಂಕಿಸುತ್ತೀರಿ.

ಕಾಗದವನ್ನು ಡೆವಲಪರ್ ಟ್ರೇಗೆ ಇಳಿಸಿದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, ಪಕ್ಕದ ಮನೆಯ ಮಗು, ಕಾಂಪೌಂಡಿನ ದಾಸವಾಳ, ಒಂದೊಂದೇ ಮೂಡಿದವು. ತಿಳಿ ನೆಗೆಟಿವ್ ಬೆಳಕನ್ನೆಲ್ಲ ಬಿಟ್ಟುಕೊಡುವುದರಿಂದ ಹನ್ನೆರಡನೆಯ ಚೌಕ ಇದ್ದಿಲಿನಂತೆ ಕಪ್ಪಾಗಬೇಕಿತ್ತು. ಆಗಲಿಲ್ಲ. ಅಲ್ಲಿ ಅಪ್ಪನ ಬೀರುವಿನ ಕನ್ನಡಿ ಕಾಣಿಸಿತು. ಕನ್ನಡಿಯೊಳಗೆ ಯಾರೋ ಆ ಕ್ಯಾಮೆರಾವನ್ನು ಎದೆಗೆ ಹಿಡಿದು, ತಲೆ ಬಗ್ಗಿಸಿ ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ. ಹಾಕಿದ್ದು ಚೌಕುಳಿ ಶರ್ಟು.

“ನಿನ್ ಶರ್ಟು ಕಣಣ್ಣ ಅದು,” ಎಂದ ಮಹದೇವ, ಮೆಲ್ಲಗೆ.

ಹೌದು, ನನ್ನದೇ. ಆದರೆ ನಾನು ಹಾಕಿ ಬಿಟ್ಟ ಶರ್ಟುಗಳೆಲ್ಲ ಚಿಕ್ಕಂದಿನಿಂದಲೂ ಅವನಿಗೇ ಹೋಗುತ್ತಿದ್ದವು. ಅದನ್ನು ಕೊಟ್ಟದ್ದು ಅಪ್ಪ ಹೋಗುವ ಮೊದಲೋ ಆಮೇಲೋ ನೆನಪಾಗಲಿಲ್ಲ. ಗುರುತು ಹಿಡಿಯಲು ಒಂದೇ ದಾರಿ ಇತ್ತು. ನನ್ನ ನೆತ್ತಿಯಲ್ಲಿ ಎರಡು ಸುಳಿ. ಇವನಿಗೆ ಎರಡು ಮದುವೆ ಗ್ಯಾರಂಟಿ ಎಂದು ಮನೆಯವರೆಲ್ಲ ರೇಗಿಸುತ್ತಿದ್ದರು. ಮಹದೇವನಿಗೆ ಒಂದೇ. ಬಗ್ಗಿದ ಆ ತಲೆಯ ನೆತ್ತಿ ನಮ್ಮ ಕಡೆಗೇ ಇತ್ತು. ಪ್ರಿಂಟಿನಲ್ಲಿ ಕಪ್ಪು ಮೊದಲು ಬರುತ್ತದೆ, ತಿಳಿಯಾದದ್ದು ಆಮೇಲೆ. ಕೂದಲು ಬಂದಿತ್ತು, ಸುಳಿ ಇನ್ನೂ ಸ್ಪಷ್ಟವಾಗಿರಲಿಲ್ಲ. ಇನ್ನರ್ಧ ನಿಮಿಷ ಸಾಕಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಚಿತ್ರವನ್ನು ನಿಲ್ಲಿಸುವ ಹೈಪೋಗೆ ಹಾಕುವ ಮುನ್ನ ಬೆಳಕು ಬಿದ್ದರೆ ಕಾಗದ ಉಳಿಯುವುದಿಲ್ಲ. ಕಣ್ಣೆದುರೇ ಹನ್ನೆರಡೂ ಚೌಕಗಳು ಕಪ್ಪಾಗಿ ಹೋದವು. ಹೊರಗೆ ಯಾರೂ ಇರಲಿಲ್ಲ. ಚಿಲಕದ ಮೇಲಿದ್ದದ್ದು ನನ್ನ ಕೈ.

“ಬಾಗ್ಲು ಯಾಕಣ್ಣ ತೆಗ್ದುಬುಟ್ಟೆ?” ಎಂದು ಕೇಳಿದ ಮಹದೇವ. ಭಯವಾಯಿತು ಎಂದೆ. ಯಾವುದರ ಭಯ ಎಂದು ಅವನು ಕೇಳಲಿಲ್ಲ. ಅಮ್ಮ ಇಟ್ಟಿದ್ದ ಕಾಫಿಯನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದ.

ಅದೇ ನೆಗೆಟಿವ್‌ನಿಂದ ಆಮೇಲೆ ಎಷ್ಟೋ ಪ್ರಿಂಟ್ ಹಾಕಿದ್ದೇನೆ. ಹನ್ನೆರಡನೆಯ ಚೌಕ ಪ್ರತಿ ಸಲವೂ ನಿಯತ್ತಾಗಿ ಕಪ್ಪಾಗುತ್ತದೆ. ಕಾಗದದ ಮೇಲೆ ಅನುಮಾನ ಪಟ್ಟೆ, ಮಾರಿದ ಅಂಗಡಿಯ ಮೇಲೆ ಪಟ್ಟೆ, ಮಹದೇವನ ಮೇಲಂತೂ ಇವತ್ತಿಗೂ ಆಗಾಗ ಪಡುತ್ತೇನೆ, ನಾಚಿಕೆಯೂ ಆಗುತ್ತದೆ. ಆ ವಾರ ಅಪ್ಪನ ಕ್ಯಾಮೆರಾವನ್ನು ಮುಟ್ಟಿದ ನೆನಪು ನನಗೆ ಖಂಡಿತ ಇಲ್ಲ. ಆದರೆ ಆವತ್ತು ಚಿಲಕ ಮುಟ್ಟಿದ ನೆನಪೂ ಇಲ್ಲ.