ಮೊಳೆ ಹೊಡೆಯದ ಮನೆ

ಲೇಬಲ್ಲಮ್ಮನ ಗಂಡ ಕುರ್ಚಿಯಿಂದ ಎದ್ದದ್ದು ಮನೆ ಯಜಮಾನರಿಗೆ ಮರ್ಯಾದೆ ಕೊಡಲೆಂದು. ಬಾಗಿಲು ತೆರೆದು "ಬನ್ನಿ ಸಾರ್" ಎಂದು ಮುಂದೆ ನಡೆದದ್ದೇ ತಪ್ಪಾಯಿತು. ಹಿಂದಿನಿಂದ ಬಂದ ಯಜಮಾನರು ಕನ್ನಡಕ ಸರಿಮಾಡಿಕೊಂಡು ಅವನ ಪ್ಯಾಂಟಿನ ಹಿಂಭಾಗವನ್ನು ಗಟ್ಟಿಯಾಗಿ ಓದಿದರು: "ಅಪರೂಪಕ್ಕೆ ಬೇಕಾಗುವುದು."

"ಅಯ್ಯೋ, ಅದು ಅಟ್ಟದ ಡಬ್ಬಕ್ಕೆ ಅಂತ ಕತ್ತರಿಸಿಟ್ಟಿದ್ದ ಲೇಬಲ್ಲು ಕಣ್ರೀ!" ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಕೂರೋಕೆ ಮುಂಚೆ ಕುರ್ಚಿ ನೋಡಬಾರದಾ?"

"ಬಿಡಮ್ಮಾ, ಸರಿಯಾದ ಜಾಗಕ್ಕೇ ಅಂಟಿದೆ" ಎಂದಿತು ಒಳಕೋಣೆಯಿಂದ ಮಾವನ ದನಿ. ಮಾವನಿಗೆ ಕಣ್ಣು ಕಾಣುವುದಿಲ್ಲ. ಅಳಿಯನ ಮಾನ ಹೋಗುವ ಸಪ್ಪಳ ಮಾತ್ರ ಎಷ್ಟು ದೂರದಿಂದಲೂ ಕೇಳಿಸುತ್ತದೆ.

ಗಂಡ ಲೇಬಲ್ಲನ್ನು ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಇಡೀ ಊರಿನ ಪ್ರಶ್ನೆಗೆ ಉತ್ತರ ಹೇಳುವ ಮನುಷ್ಯ ಅವನು. ತನ್ನ ಮನೆಯಲ್ಲಿ ಮಾತ್ರ ಬಾಯಿ ಬಿಟ್ಟರೆ ಏನಾದರೂ ಬೀಳುತ್ತದೆ, ಇಲ್ಲವೇ ಅಂಟಿಕೊಳ್ಳುತ್ತದೆ.

ಯಜಮಾನರು ನಗಲಿಲ್ಲ. ನಗುವುದಕ್ಕೆ ಬಂದವರೂ ಅಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ, ಕಂಕುಳಲ್ಲಿ ಕರಾರು ಪತ್ರ. ಸರ್ವೆ ಇಲಾಖೆಯಲ್ಲಿ ನಿವೃತ್ತರಾದ ಮೇಲೆ ಅಳೆಯಲು ಬೇರೆ ಭೂಮಿ ಸಿಗದೆ, ಮಹಡಿ ಮೇಲಿನ ಈ ಎರಡೂವರೆ ಕೋಣೆಯನ್ನೇ ಅಳೆಯುತ್ತ ಬಂದಿದ್ದರು. ಎರಡು ವರ್ಷದ ಹಿಂದೆ ತಮ್ಮ ಕೈಯಾರೆ ಒಂದು ಷರತ್ತು ಬರೆದಿದ್ದರು: ಗೋಡೆ ಕೊಟ್ಟ ಹಾಗೇ ಇದ್ದು, ಹೊಸದಾಗಿ ಒಂದೂ ತೂತು ಬೀಳದಿದ್ದರೆ ಬಾಡಿಗೆದಾರರು ಇನ್ನೆರಡು ವರ್ಷ ಇರಬಹುದು; ಒಂದೇ ಒಂದು ಬಿದ್ದರೂ ವಾರದೊಳಗೆ ಜಾಗ ಖಾಲಿ. ಎರಡು ವರ್ಷ ಮೊಳೆ ಹೊಡೆಯದೆ ಸಂಸಾರ ಮಾಡುವ ಹೆಂಗಸು ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂಬ ಧೈರ್ಯ ಅವರದು. ಆ ಎರಡು ವರ್ಷ ಇಂದಿಗೆ ಮುಗಿದಿತ್ತು; ಈಗ ತಂಗಿಯ ಮಗಳಿಗೆ ಬಟ್ಟೆ ಹೊಲಿಯುವ ಅಂಗಡಿ ಇಡಲು ಈ ಮನೆಯೇ ಬೇಕಾಗಿತ್ತು.

ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅಂಥ ಹೆಂಗಸು ಹುಟ್ಟಿ ಆಗಲೇ ನಲವತ್ತಾರು ವರ್ಷವಾಗಿತ್ತು.

ಲೇಬಲ್ಲಮ್ಮ ಬೆಳೆದದ್ದು ಒಂಬತ್ತು ಬಾಡಿಗೆ ಮನೆಗಳಲ್ಲಿ. ಅಪ್ಪ ಲಾರಿ ಡ್ರೈವರು. ಹತ್ತು ವರ್ಷದವಳಿದ್ದಾಗ ಒಂದು ಮನೆ ಬಿಡುವ ದಿನ, ಆ ಮನೆಯ ಮಾಲೀಕ ಗೋಡೆಯ ಮೇಲೆ ಅಂಗೈ ಆಡಿಸಿ, ಕನ್ನಡಿ ನೇತುಹಾಕಿದ್ದ ಮೊಳೆಯ ತೂತಿಗೆ ಬೆರಳಿಟ್ಟು, ಬೀದಿಯೆಲ್ಲ ಕೇಳುವಂತೆ ಅಪ್ಪನನ್ನು ಬೈದಿದ್ದ. ಅಷ್ಟು ದೊಡ್ಡ ಲಾರಿ ತಿರುಗಿಸುವ ಅಪ್ಪ ಕಡಲೆಕಾಳಿನಷ್ಟು ತೂತಿನ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಅಂದಿನಿಂದ ಅವಳು ಸುತ್ತಿಗೆ ಮುಟ್ಟಿಲ್ಲ.

ಅವಳ ಮನೆಯಲ್ಲಿ ಎಲ್ಲವೂ ನಿಂತಿರುತ್ತದೆ, ಒರಗಿರುತ್ತದೆ, ಇಲ್ಲವೇ ಅಂಟಿರುತ್ತದೆ. ಪರದೆಗಳ ಕೋಲು ಕಿಟಕಿಯ ಎರಡು ಬದಿಗೂ ಸ್ಪ್ರಿಂಗಿನ ಬಲದಿಂದ ಒತ್ತಿ ಕೂತಿದೆ. ಬಟ್ಟೆ ನೇತುಹಾಕುವ ಕಂಬ ನೆಲಕ್ಕೂ ತಾರಸಿಗೂ ನಡುವೆ ಬಿಗಿಯಾಗಿ ನಿಂತಿದೆ. ಹಳೇ ಏಣಿಯೊಂದು ಗೋಡೆಗೆ ಒರಗಿ, ಕಾಲಿಗೆ ರಬ್ಬರು ತೊಟ್ಟು, ಪುಸ್ತಕದ ಕಪಾಟಾಗಿದೆ. ಕೊಕ್ಕೆಗಳೆಲ್ಲ ಅಂಟುಪಟ್ಟಿಯವು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದರೆ ಗುರುತೂ ಉಳಿಯದೆ ಕಳಚಿಕೊಳ್ಳುತ್ತವೆ. ದಿನವೂ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸುವ ಕವಾಯತು. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಸಾವಿರಾರು ರೋಗಿಗಳ ಕಡತ ಕಾಯುವವಳಿಗೆ ಒಬ್ಬ ಗಂಡನ ಕಾಲುಚೀಲ ಯಾವ ಲೆಕ್ಕ? ಅವನ ಎಡಗಾಲಿನ ಚೀಲಗಳಿಗೇ ಲೇಬಲ್ಲು ಅಂಟಿಸಿದ ಒಂದು ಡಬ್ಬ, ಬಲಗಾಲಿನವಕ್ಕೆ ಇನ್ನೊಂದು. ಎರಡೂ ಒಂದೇ ಅಲ್ಲವೇ ಎಂದು ಅವನು ಒಮ್ಮೆ ಕೇಳಿ, ವಾರವಿಡೀ ಪಶ್ಚಾತ್ತಾಪಪಟ್ಟಿದ್ದ.

ಆದರೆ ಲೇಬಲ್ಲು ಗಂಡನಿಗೆ, ಶಿಸ್ತು ಅಪ್ಪನಿಗೆ. ಸಕ್ಕರೆ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡು, ಉಪ್ಪಿಗೆ ಎರಡು, ಚಹಾಪುಡಿಗೆ ಮೂರು. ಮಂಚದಿಂದ ಒಲೆಗೆ ಹನ್ನೆರಡು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ಏಳು. ಕಣ್ಣು ಹೋದ ಮೇಲೆ ಈ ಮನೆಗೆ ಬಂದ ಅಪ್ಪ ಮೊದಲ ನಾಲ್ಕು ತಿಂಗಳು ಮಂಚ ಬಿಟ್ಟು ಇಳಿದಿರಲಿಲ್ಲ, ಯಾರೊಂದಿಗೂ ಮಾತಾಡಿರಲಿಲ್ಲ. ಈಗ ತನ್ನ ಚಹಾ ತಾನೇ ಕಾಸಿಕೊಂಡು, ಅಳಿಯನ ಕಾಲೆಳೆಯುವಷ್ಟು ಮನುಷ್ಯನಾಗಿದ್ದಾರೆ. ಇನ್ನೊಂದು ಮನೆಯೆಂದರೆ ಮತ್ತೆ ಆ ಮಂಚ, ಮತ್ತೆ ಆ ಮೌನ. ಅದಕ್ಕೇ ಗಂಡ ಯಜಮಾನರ ಟಾರ್ಚಿನಿಂದ ಕಣ್ಣು ಕೀಳಲಿಲ್ಲ.

ಯಜಮಾನರು ಗೋಡೆಗೆ ಮೂಗು ತಾಗಿಸಿ, ಅಂಗುಲ ಅಂಗುಲ ಸರಿದರು. ಅವರ ಹಿಂದೆ ಲೇಬಲ್ಲಮ್ಮ, ಕೈಯಲ್ಲೊಂದು ಕಡತ.

"ಸಿಕ್ತು!" ಅಡುಗೆಮನೆಯಲ್ಲಿ ಯಜಮಾನರು ಕುಣಿದೇಬಿಟ್ಟರು. "ನೋಡ್ರೀ, ಇದೇನು? ಕಣ್ಣಿಗೆ ಮಣ್ಣೆರಚ್ತೀರಾ ನಂಗೆ?"

"ತೂತು ನಂಬರ್ ಆರು" ಎಂದು ಅವಳು ಪುಟ ತಿರುಗಿಸಿದಳು. "ನಾವು ಬಂದ ದಿನವೇ ಇತ್ತು. ಫೋಟೋ ಇದು. ಕೆಳಗೆ ಸಹಿ ನಿಮ್ಮದೇ."

ಯಜಮಾನರು ಭೂತಗನ್ನಡಿಯನ್ನು ಗೋಡೆಯಿಂದ ತೆಗೆದು ತಮ್ಮ ಸಹಿಯ ಮೇಲೆ ಹಿಡಿದರು. "ನಾನ್ಯಾವಾಗ ಹಾಕ್ದೆ?"

"ಕರಾರಿನ ಜೊತೆಗೇ. ಹದಿನೇಳು ತೂತು, ಹದಿನೇಳು ಸಹಿ. ಓದಿ ಹಾಕಿ ಸಾರ್ ಅಂದೆ. ನಿಮ್ಮಂಥವರು ಬರೆದದ್ದು ಓದೋ ಕರ್ಮ ನಂಗಿಲ್ಲ ಅಂದ್ರಿ."

"ನಾಲಿಗೆ ಉದ್ದ ಆಯ್ತಮ್ಮಾ ನಿಂದು."

"ಅಳೀತೀರಾ? ಟೇಪು ಬೇಕಾದ್ರೆ ಎರಡನೇ ಡ್ರಾಯರಲ್ಲಿದೆ."

ಒಳಗಿನಿಂದ ಮಾವ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಮೂವರಿಗೂ ಗೊತ್ತಿತ್ತು.

ಯಜಮಾನರು ಏಣಿಯನ್ನು ಒದ್ದು ನೋಡಿದರು, ಅದು ಅಲುಗಲಿಲ್ಲ. ಪರದೆ ಜಗ್ಗಿದರು, ಕೋಲು ಅವರ ತಲೆಯ ಮೇಲೆ ಬಿತ್ತು, ಗೋಡೆಯಲ್ಲಿ ಗೀರೂ ಇರಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಊಟದ ಮೇಜಿನ ಮುಂದೆ ಕೂತು, ಪೆನ್ನನ್ನು ಗುದ್ದಲಿಯಂತೆ ಹಿಡಿದು, ಹೊಸ ಕರಾರಿನ ಎರಡು ಪ್ರತಿಗೂ ಸಹಿ ಅಗೆದರು. ಎರಡು ವರ್ಷ. ಲೇಬಲ್ಲಮ್ಮ ತನ್ನ ಪ್ರತಿಗೆ ಶಾಯಿ ಆರುವ ಮುಂಚೆಯೇ ತೂತು ಹೊಡೆದು ಕಡತಕ್ಕೆ ಸೇರಿಸಿದಳು. ಕಾಗದಕ್ಕೆ ತೂತು ಹೊಡೆಯಬಾರದೆಂದು ಷರತ್ತಿನಲ್ಲಿ ಇರಲಿಲ್ಲ.

ಮುಗಿಯಿತೆಂದು ಗಂಡ ಬಾಗಿಲು ತೆರೆದು ನಿಂತ. ಯಜಮಾನರು ಎದ್ದವರು ಹೋಗಲಿಲ್ಲ. ಫೋಟೋಗಳ ಹಾಳೆ ಕಿತ್ತುಕೊಂಡು ಮತ್ತೆ ಗೋಡೆ ಸುತ್ತಿದರು, ಬೆರಳು ಮಡಚಿ ಎಣಿಸುತ್ತ. ಬಚ್ಚಲ ಬಾಗಿಲ ಬಳಿ ನಿಂತರು. ಮುಖ ಅರಳಿತು.

"ಹದಿನಾರೇ ಇದೆ! ಹನ್ನೊಂದನೇದು ಇಲ್ಲ!"

ಗಂಡ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಹೋದ ತಿಂಗಳು ಆ ತೂತಿನಿಂದ ಇರುವೆಗಳು ಸಾಲಾಗಿ ಹೊರಟು ಮಾವನ ಟವೆಲ್ ಸೇರುತ್ತಿದ್ದವು. ಹೆಂಡತಿ ಕೆಲಸಕ್ಕೆ ಹೋಗಿದ್ದಾಗ ಟೂತ್‌ಪೇಸ್ಟನ್ನು ಹೆಬ್ಬೆರಳಲ್ಲಿ ಒತ್ತಿ, ಬೆಳ್ಳಗೆ ಸವರಿ, ಜೀವನದಲ್ಲಿ ಒಂದಾದರೂ ಕೆಲಸ ಸರಿಯಾಗಿ ಮಾಡಿದೆನೆಂದು ಬೀಗಿದ್ದ. ಹೇಳಿದರೆ ಪೇಸ್ಟಿನ ಟ್ಯೂಬನ್ನು ನಡುವೆ ಹಿಚುಕಿದ್ದು ಗೊತ್ತಾಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಅವನ ಮುಖ ನೋಡಿದಳು. ಒಂದು ಕ್ಷಣ ಸಾಕಾಯಿತು. ಆ ಮುಖದಲ್ಲಿ ಏನನ್ನೂ ಬಚ್ಚಿಡಲು ಜಾಗವಿಲ್ಲ.

"ಗೋಡೆ ಕೊಟ್ಟ ಹಾಗೇ ಇರಬೇಕು ಅಂತ ಬರೆದಿದೀನಿ" ಯಜಮಾನರ ದನಿ ಬೀದಿಗೆ ಕೇಳುವಂತಿತ್ತು. "ನನ್ನ ಒಂದು ತೂತು ಕಮ್ಮಿ ಇದೆ! ಈ ಕಾಗದ ಇಲ್ಲಿಗೆ ಮುಗೀತು. ಎಲ್ರೀ ನನ್ನ ಹನ್ನೊಂದನೇ ತೂತು? ಈಗಿಂದೀಗ್ಲೇ ಹೇಗೆ ವಾಪಸ್ ಕೊಡ್ತೀರಿ?"

ಲೇಬಲ್ಲಮ್ಮ ಒಂದು ಖಾಲಿ ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ನೇರವಾಗಿ ಜೋಡಿಸಿಟ್ಟಳು.

"ಮೊಳೆ ಹೊಡೆಯೋಕೆ ಅನುಮತಿ ಅಂತ ಬರೆದು ಸಹಿ ಹಾಕಿ ಸಾರ್, ಅಲ್ಲೇ ಹೊಡೆದುಕೊಡ್ತೀನಿ."